ನಾಟಿ ತಳಿಯ ಮೊಟ್ಟೆಗೆ ಎಸ್.ಪಿ. ರಸ್ತೆಯ ಇನ್‌ಕ್ಯುಬೇಟರ್: ಹಿತ್ತಿಲಲ್ಲಿ ಕೋಳಿ ಸಾಕುವವರಿಗಾಗಿ ಒಂದು ವಿಮರ್ಶೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿನಲ್ಲಿ ಮೊಟ್ಟೆಗೆ ಕೃತಕ ಕಾವು ಕೊಟ್ಟು ಮರಿ ಮಾಡಿಸುವ, 48 ಮೊಟ್ಟೆ ಹಿಡಿಸುವ ಸಣ್ಣ ಇನ್‌ಕ್ಯುಬೇಟರ್‌ಗಳು ಈಗ ಧಾರಾಳವಾಗಿ ಸಿಗುತ್ತವೆ. ಇವುಗಳಲ್ಲಿ ಹೆಚ್ಚಿನವು ಬಿಡಿಭಾಗಗಳನ್ನು ತರಿಸಿ ಇಲ್ಲೇ ಜೋಡಿಸಿದಂಥವು. ಮೇಲೆ ಅಂಟಿಸಿದ ಹೆಸರು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆಯೇ ಹೊರತು ಒಳಗಿನ ರಚನೆ ಬಹುತೇಕ ಒಂದೇ. ಅಂಥದೊಂದನ್ನು ಮಳೆ, ಚಳಿ, ಬೇಸಿಗೆ ಮೂರೂ ಕಾಲಗಳಲ್ಲಿ ಬಳಸಿದ ಮೇಲೆ, ಅದೂ ಫಾರಂ ಕೋಳಿಯ ಮೊಟ್ಟೆಗಲ್ಲದೆ ನಾಟಿ ತಳಿಯ ಮೊಟ್ಟೆಗೆ ಬಳಸಿದ ಮೇಲೆ, ನನಗೆ ತಿಳಿದುಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಮರಿ ಮಾಡಿಸುವುದಕ್ಕೆ ಈ ಯಂತ್ರವನ್ನು ನಂಬಬಹುದು, ಕೊಟ್ಟ ಹಣಕ್ಕೆ ಮೋಸವಿಲ್ಲ, ಆದರೆ ತಳಿಯನ್ನು ಉಳಿಸಿಕೊಳ್ಳುವ ಉದ್ದೇಶವಿರುವವರು ಇದನ್ನೊಂದನ್ನೇ ನಂಬಿ, ಕಾವಿಗೆ ಕೂರುವ ಹೇಂಟೆಯನ್ನು ಮೂಲೆಗೆ ತಳ್ಳಿದರೆ, ಕೆಲವೇ ತಲೆಮಾರುಗಳಲ್ಲಿ ತಳಿಯ ಮುಖ್ಯ ಗುಣವೊಂದನ್ನು ಕಳೆದುಕೊಳ್ಳುತ್ತಾರೆ. ಮಾರುವವರು ಈ ಮಾತನ್ನು ಹೇಳುವುದಿಲ್ಲ, ಹೇಳಬೇಕಾದ ಬಾಧ್ಯತೆಯೂ ಅವರಿಗಿಲ್ಲ.

ಯಲಹಂಕದ ಆಚೆ ಇನ್ನೂ ಸ್ವಲ್ಪ ಮಣ್ಣಿನ ಹಿತ್ತಿಲು ಉಳಿದಿರುವ ಕಡೆ ನಮ್ಮ ಮನೆ. ನಾವು ಸಾಕುತ್ತಿರುವುದು ಮುಖ್ಯವಾಗಿ ಘಾಗಸ್ ಕೋಳಿಗಳನ್ನು. ಬೇರೆ ಆವರಣದಲ್ಲಿ ಅಸೀಲ್ ಕೋಳಿಗಳ ಸಣ್ಣ ಗುಂಪೊಂದಿದೆ. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಬ್ಯೂರೊ ದೇಶದ ತಳಿಗಳನ್ನು ನೋಂದಾಯಿಸುವ ಸಂಸ್ಥೆ. ಅದರ ಪಟ್ಟಿಯಲ್ಲಿ ಘಾಗಸ್ ಆಂಧ್ರಪ್ರದೇಶ ಮತ್ತು ಕರ್ನಾಟಕ ಎರಡಕ್ಕೂ ಸೇರಿದ ತಳಿ. ಕೋಲಾರ ಸೀಮೆ ಮತ್ತು ಅದರಾಚೆಯ ಆಂಧ್ರದ ಹಳ್ಳಿಗಳೇ ಇದರ ನೆಲೆ ಎಂದಮೇಲೆ ಬೆಂಗಳೂರಿನವರಿಗೆ ಇದಕ್ಕಿಂತ ಹತ್ತಿರದ ತಳಿ ಇನ್ನೊಂದಿಲ್ಲ. ಆದರೂ ನಗರದಲ್ಲಿ ಯಾರನ್ನು ಕೇಳಿದರೂ ಕಡಕ್‌ನಾಥ್ ಹೆಸರು ಹೇಳುತ್ತಾರೆಯೇ ಹೊರತು ಘಾಗಸ್ ಹೆಸರು ಕೇಳಿದವರು ಅಪರೂಪ. ಮಧ್ಯಪ್ರದೇಶದ ಝಾಬುವಾ ಪ್ರದೇಶದ ಕಡಕ್‌ನಾಥ್‌ನ ಕಪ್ಪು ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಿಕೆ ದೊರೆತ ಮೇಲೆ ಅದಕ್ಕೆ ಬಂದ ಬೇಡಿಕೆ ನಮ್ಮ ಸೀಮೆಯ ಕೋಳಿಗೆ ಬಂದಿಲ್ಲ. ಕತ್ತಿನ ಮೇಲೆ ಹೊಂಬಣ್ಣದ ಗರಿ, ಎದೆ ಮತ್ತು ಬಾಲದಲ್ಲಿ ನೀಲಿ ಮಿನುಗುವ ಕಪ್ಪು ಇರುವ ಒಳ್ಳೆಯ ಘಾಗಸ್ ಹುಂಜವನ್ನು ಬೆಳಗಿನ ಬಿಸಿಲಲ್ಲಿ ಒಮ್ಮೆ ನೋಡಿದವರಿಗೆ ಈ ಉಪೇಕ್ಷೆ ಏಕೆಂಬುದು ಅರ್ಥವಾಗುವುದಿಲ್ಲ.

ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರ ಕೋಳಿಗಳ ಬಗ್ಗೆಯೂ ಇಲ್ಲೇ ಒಂದು ಮಾತು ಹೇಳಬೇಕು. ಹಿತ್ತಿಲ ಸಾಕಣೆಗೆ ಅವು ಒಳ್ಳೆಯ ಕೋಳಿಗಳು, ಬೇಗ ಬೆಳೆಯುತ್ತವೆ, ರೋಗ ತಡೆಯುತ್ತವೆ. ಆದರೆ ಅವು ಬೇರೆ ಬೇರೆ ಸಾಲುಗಳನ್ನು ಕೂಡಿಸಿ ಪಡೆದ ಮಿಶ್ರತಳಿಗಳು. ಅವುಗಳ ಮೊಟ್ಟೆಯನ್ನು ಮನೆಯಲ್ಲಿ ಮರಿ ಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುತ್ತವೆ, ಪ್ರತಿ ಬಾರಿಯೂ ಮರಿಗಳನ್ನು ಮೂಲದಿಂದಲೇ ತರಬೇಕಾಗುತ್ತದೆ. ಸಂತೆಯಲ್ಲಿ ಇಂಥ ಬಣ್ಣದ ಕೋಳಿಗಳ ಮೊಟ್ಟೆಯನ್ನೇ ನಾಟಿ ಮೊಟ್ಟೆಯೆಂದು ಕೊಟ್ಟುಬಿಡುವುದುಂಟು. ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಒಳಗೆ ಇಟ್ಟದ್ದೇ ಹೊರಗೆ ಬರುವುದರಿಂದ, ತಂದೆ ತಾಯಿ ಕೋಳಿಗಳನ್ನು ಕಣ್ಣಾರೆ ನೋಡದೆ ಮೊಟ್ಟೆ ಕೊಳ್ಳಬಾರದು.

ಈಗ ಯಂತ್ರದ ವಿಷಯ. ಎರಡು ಪದರದ ಪ್ಲಾಸ್ಟಿಕ್ ಪೆಟ್ಟಿಗೆ, ಮೇಲೆ ಪಾರದರ್ಶಕ ಮುಚ್ಚಳ, ಒಳಗೆ ಹೀಟರ್ ಮತ್ತು ಸಣ್ಣ ಫ್ಯಾನ್, ಎರಡು ಗಂಟೆಗೊಮ್ಮೆ ಮೊಟ್ಟೆಗಳನ್ನು ತಾನೇ ಹೊರಳಿಸುವ ಟ್ರೇ, ತಳದಲ್ಲಿ ನೀರಿನ ಕಾಲುವೆ, ಉಷ್ಣಾಂಶವನ್ನೂ ತೇವಾಂಶವನ್ನೂ ತೋರಿಸುವ ಡಿಜಿಟಲ್ ಫಲಕ, ಮನೆಯ ವಿದ್ಯುತ್ತಿನ ಜತೆಗೆ 12 ವೋಲ್ಟ್ ಬ್ಯಾಟರಿಗೂ ಜೋಡಿಸುವ ವ್ಯವಸ್ಥೆ. ಬೆಲೆ ಏಳು ಸಾವಿರ ರೂಪಾಯಿಯ ಆಸುಪಾಸು. ಹೀಟರ್ 80 ವಾಟ್‌ನದು. ಬಿಟ್ಟು ಬಿಟ್ಟು ಉರಿಯುವುದರಿಂದ ಒಂದು ತಂಡದ ಮರಿ ಹೊರಬರುವಷ್ಟರಲ್ಲಿ ಇಪ್ಪತ್ತು ಯೂನಿಟ್‌ನಷ್ಟು ಕರೆಂಟ್ ಸುಡುತ್ತದೆ, ಅದೇನೂ ಹೊರೆಯಲ್ಲ. ಹೊರಳಿಸುವ ಮೋಟಾರ್ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಮೊಟ್ಟೆ ಹೊರಳಿಸುವುದು ಅಲಂಕಾರದ ಸೌಕರ್ಯವಲ್ಲ. ಹೊರಳಿಸದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಕೆಲಸಕ್ಕೆ ಹೋಗುವವರ ಮನೆಯಲ್ಲಿ ಹಗಲಿಡೀ ಕೈಯಿಂದ ಹೊರಳಿಸುವವರು ಯಾರೂ ಇರುವುದಿಲ್ಲವಾದ್ದರಿಂದ ಈ ಒಂದು ಭಾಗಕ್ಕಾಗಿಯೇ ಅಗ್ಗದ ಥರ್ಮಾಕೋಲ್ ಪೆಟ್ಟಿಗೆಯ ಬದಲು ಇದನ್ನು ಆರಿಸಿಕೊಳ್ಳಬಹುದು.

ಆದರೆ ಫಲಕದ ಮೇಲಿನ ಅಂಕಿಯನ್ನು ನಂಬಿ ಮೊಟ್ಟೆ ಇಡಬೇಡಿ. ಫ್ಯಾನ್ ಇರುವ ಯಂತ್ರದಲ್ಲಿ ಒಳಗಿನ ಉಷ್ಣಾಂಶ 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಬೇಕು. ನನ್ನ ಯಂತ್ರ ಫಲಕದಲ್ಲಿ 37.8 ತೋರಿಸುವಾಗ, ಮೊಟ್ಟೆಗಳ ಮಟ್ಟದಲ್ಲಿ ಇಟ್ಟ ಜ್ವರ ನೋಡುವ ಥರ್ಮಾಮೀಟರ್ 37.3 ತೋರಿಸುತ್ತಿತ್ತು. ಜ್ವರದ ಥರ್ಮಾಮೀಟರ್ ನಮಗೆ ಬೇಕಾದ ಮಿತಿಯಲ್ಲೇ ನಿಖರವಾಗಿರುವ ಸಾಧನವಾದ್ದರಿಂದ, ಔಷಧಿ ಅಂಗಡಿಯ ಆ ಸಣ್ಣ ವಸ್ತುವೇ ಈ ಕೆಲಸಕ್ಕೆ ಅತ್ಯುತ್ತಮ ಅಳತೆಗೋಲು. ಅಂಗಡಿಯವರಿಗೆ ಫೋನ್ ಮಾಡಿ ಹೇಳಿದಾಗ, "ಅರ್ಧ ಡಿಗ್ರಿ ತಾನೇ ಮೇಡಂ, ಏನೂ ಆಗಲ್ಲ ಬಿಡಿ" ಎಂಬ ಉತ್ತರ ಬಂತು. ಆಗುತ್ತದೆ. 21 ದಿನಗಳ ಕಾಲ ನಿರಂತರವಾಗಿ ಅರ್ಧ ಡಿಗ್ರಿ ಕಡಿಮೆಯಾದರೆ ಮರಿಗಳು ಹೊರಬರುವುದು 22 ಅಥವಾ 23ನೇ ದಿನಕ್ಕೆ ಜಾರುತ್ತದೆ, ಬಂದ ಮರಿಗಳು ಸೋತಿರುತ್ತವೆ. ಹೆಚ್ಚಾದರೆ ಒಂದು ದಿನ ಮೊದಲೇ ಬಂದು, ಹೊಕ್ಕುಳು ಮುಚ್ಚದೆ, ಸೋಂಕಿಗೆ ತುತ್ತಾಗುತ್ತವೆ. ಫಲಕದ ಗುಂಡಿಗಳನ್ನೊತ್ತಿ ಈ ವ್ಯತ್ಯಾಸವನ್ನು ಸರಿಪಡಿಸುವ ಸೌಲಭ್ಯ ಯಂತ್ರದಲ್ಲೇ ಇದೆ, ಆದರೆ ಜತೆಗೆ ಕೊಟ್ಟ ಕಾಗದದಲ್ಲಿ ಅದರ ವಿವರಣೆ ಇಲ್ಲ. ಹೊಸ ಯಂತ್ರವನ್ನು ಎರಡು ದಿನ ಖಾಲಿ ಓಡಿಸಿ, ನಾಲ್ಕು ಮೂಲೆಗಳಲ್ಲೂ ಥರ್ಮಾಮೀಟರ್ ಇಟ್ಟು ನೋಡಿ, ಆಮೇಲೆ ಮೊಟ್ಟೆ ಇಡುವುದು ಸರಿಯಾದ ಕ್ರಮ. ಮಾಗಿಯ ಚಳಿಯಲ್ಲಿ ಫ್ಯಾನ್‌ನಿಂದ ದೂರವಿರುವ ಮೂಲೆ ಉಳಿದ ಕಡೆಗಿಂತ ಸ್ವಲ್ಪ ತಣ್ಣಗಿರುವುದನ್ನು ಕಂಡು, ಪೆಟ್ಟಿಗೆಯನ್ನು ಹೊರಗೋಡೆಗೆ ತಾಗದಂತೆ ಒಳಕೋಣೆಯಲ್ಲಿ ಇಡತೊಡಗಿದ ಮೇಲೆ ಆ ತೊಂದರೆ ಬಹುಮಟ್ಟಿಗೆ ಕಡಿಮೆಯಾಯಿತು.

ತೇವಾಂಶದ ವಿಷಯದಲ್ಲಿ ಬೆಂಗಳೂರಿಗೆ ತನ್ನದೇ ಲೆಕ್ಕವಿದೆ, ಮತ್ತು ಯಂತ್ರದ ಜತೆ ಬರುವ ಸೂಚನೆ ಈ ಊರಿಗೆ ಒಗ್ಗುವುದಿಲ್ಲ. ಮೊದಲ 18 ದಿನ ಶೇ 55ರಿಂದ 60, ಕೊನೆಯ ಮೂರು ದಿನ ಶೇ 65ರಿಂದ 70 ಎಂಬುದು ಸಾಮಾನ್ಯ ನಿಯಮ. ಮಾರ್ಚ್, ಏಪ್ರಿಲ್‌ನ ಒಣ ಮಧ್ಯಾಹ್ನಗಳಲ್ಲಿ ಎರಡೂ ಕಾಲುವೆಗಳಿಗೆ ನೀರು ತುಂಬಿದರೂ ಒಳಗಿನ ತೇವಾಂಶ ಏರುವುದಿಲ್ಲ, ಒದ್ದೆ ಸ್ಪಂಜಿನ ತುಂಡನ್ನೂ ಇಡಬೇಕಾಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಂದು ಹನಿ ನೀರು ಹಾಕದಿದ್ದರೂ ಸಾಕೆನಿಸುವಷ್ಟು ಇರುತ್ತದೆ. ಮಳೆಗಾಲದಲ್ಲಿ ಸೂಚನೆಯಂತೆ ನೀರು ತುಂಬಿದರೆ ಮೊಟ್ಟೆಯೊಳಗಿನ ನೀರು ಆರದೆ ಗಾಳಿಗೂಡು, ಅಂದರೆ ಚಿಪ್ಪಿನೊಳಗೆ ಗಾಳಿ ತುಂಬಿರುವ ಜಾಗ, ಬೆಳೆಯುವುದಿಲ್ಲ, ಪೂರ್ತಿ ಬೆಳೆದ ಮರಿ ಚಿಪ್ಪು ಒಡೆಯುವ ಹೊತ್ತಿಗೆ ಉಸಿರುಗಟ್ಟಿ ಸಾಯುತ್ತದೆ. ಫಲಕದ ತೇವಾಂಶ ಮಾಪಕವನ್ನೂ ಪರೀಕ್ಷಿಸಿಯೇ ನಂಬಬೇಕು. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ತೇವವಾಗುವಷ್ಟು ಮಾತ್ರ ನೀರು ಬೆರೆಸಿ, ಬಿಡಿ ಮಾಪಕವೊಂದರ ಜತೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಕೆಲವು ಗಂಟೆಗಳಲ್ಲಿ ಮಾಪಕ ಶೇ 75 ತೋರಿಸಬೇಕು. ತೋರಿಸದಿದ್ದರೆ ಎಷ್ಟು ತಪ್ಪಿದೆಯೆಂದು ತಿಳಿಯುತ್ತದೆ. ಹೀಗೆ ಪರೀಕ್ಷಿಸಿದ ಮಾಪಕವನ್ನು ಯಂತ್ರದೊಳಗಿಟ್ಟು ಫಲಕದ ಅಂಕಿಯೊಂದಿಗೆ ಹೋಲಿಸಬಹುದು. ಇದಕ್ಕಿಂತಲೂ ನೇರವಾದ ದಾರಿಯೆಂದರೆ ಮೊಟ್ಟೆಯನ್ನೇ ತೂಗುವುದು. 18ನೇ ದಿನದ ಹೊತ್ತಿಗೆ ಮೊಟ್ಟೆ ತನ್ನ ತೂಕದ ಶೇ 11ರಿಂದ 13ರಷ್ಟನ್ನು ಕಳೆದುಕೊಂಡಿರಬೇಕು. 44 ಗ್ರಾಂ ತೂಗುವ ಘಾಗಸ್ ಮೊಟ್ಟೆ 39 ಗ್ರಾಂನ ಆಸುಪಾಸಿಗೆ ಇಳಿದಿದ್ದರೆ ಯಾವ ಮಾಪಕ ಏನೇ ಹೇಳಲಿ, ನೀರಿನ ಪ್ರಮಾಣ ಸರಿಯಾಗಿದೆ.

ಯಂತ್ರದ ದೊಡ್ಡ ಕೊರತೆ ಟ್ರೇಯಲ್ಲಿದೆ, ಮತ್ತು ಇದು ನಾಟಿ ತಳಿ ಸಾಕುವವರಿಗೆ ಮಾತ್ರ ಎದುರಾಗುವ ಕೊರತೆ. ಟ್ರೇಯ ಗುಳಿಗಳನ್ನು 55, 60 ಗ್ರಾಂ ತೂಗುವ ಫಾರಂ ಮೊಟ್ಟೆಯ ಅಳತೆಗೆ ಮಾಡಲಾಗಿದೆ. ನಮ್ಮ ಹೇಂಟೆಗಳ ಮೊಟ್ಟೆ, ಅದರಲ್ಲೂ ಹೊಸದಾಗಿ ಇಡತೊಡಗಿದ ಹೇಂಟೆಗಳ ಮೊಟ್ಟೆ, 40 ಗ್ರಾಂ ಸುತ್ತಮುತ್ತ ಇರುತ್ತದೆ. ಗುಳಿಯಲ್ಲಿ ಅದು ಸಡಿಲವಾಗಿ ಕೂರುತ್ತದೆ. ಟ್ರೇ ವಾಲಿದಾಗ ಒಂದು ಬದಿಗೆ ಟಕ್ಕೆಂದು ಬಡಿಯುತ್ತದೆ, ಚೂಪು ತುದಿ ಮೇಲಾಗಿ ತಿರುಗಿಬಿಡುವುದೂ ಉಂಟು. ಗಾಳಿಗೂಡು ದಪ್ಪ ತುದಿಯಲ್ಲಿರುವುದರಿಂದ ಆ ತುದಿ ಕೆಳಗಾದ ಮೊಟ್ಟೆಯಲ್ಲಿ ಮರಿಯ ತಲೆ ಉಲ್ಟಾ ದಿಕ್ಕಿಗೆ ಬೆಳೆದು ಒಡೆದು ಬರಲಾರದೆ ಹೋಗುತ್ತದೆ. ಪ್ರತಿ ಗುಳಿಗೂ ಹಳೆಯ ಹತ್ತಿ ಬಟ್ಟೆಯ ಬೆರಳಗಲದ ಪಟ್ಟಿಯನ್ನು ಸುತ್ತಿ ಮೊಟ್ಟೆ ಕೂರಿಸಿದರೆ ಅಲುಗಾಟ ನಿಲ್ಲುತ್ತದೆ, ಗಾಳಿಯ ಓಡಾಟಕ್ಕೂ ಅಡ್ಡಿಯಾಗುವುದಿಲ್ಲ. ಏಳು ಸಾವಿರ ಕೊಟ್ಟ ಮೇಲೆ ಇಂಥ ಕೆಲಸ ಮಾಡಬೇಕಾಗಿ ಬರಬಾರದು. ಕ್ವೇಲ್ ಹಕ್ಕಿಯ ಮೊಟ್ಟೆಗೆಂದು ಪುಟ್ಟ ಗುಳಿಯ ಟ್ರೇಯನ್ನು ಬೇರೆಯಾಗಿ ಮಾರುವವರು ನಾಟಿ ಮೊಟ್ಟೆಯ ಅಳತೆಯದನ್ನೂ ಮಾಡಿಕೊಟ್ಟರೆ ಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಏಳನೇ ದಿನ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್‌ನ ಮೇಲೆ ಮೊಟ್ಟೆಯಿಟ್ಟು ನೋಡುವುದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ. ಫಲಿತ ಮೊಟ್ಟೆಯಲ್ಲಿ ಕಪ್ಪು ಚುಕ್ಕೆಯೊಂದರಿಂದ ಕೆಂಪು ನರಗಳು ಜೇಡರ ಬಲೆಯಂತೆ ಹರಡಿಕೊಂಡಿರುತ್ತವೆ, ಸ್ವಲ್ಪ ಹೊತ್ತು ಕಾದರೆ ಆ ಚುಕ್ಕೆ ಮಿಸುಕುವುದೂ ಕಾಣುತ್ತದೆ. ಗೊಡ್ಡು ಮೊಟ್ಟೆ ತಿಳಿಯಾಗಿ ಹೊಳೆಯುತ್ತದೆ. ನಡುವೆ ಸತ್ತದ್ದರಲ್ಲಿ ನರಗಳು ಸರಿದು ಕೆಂಪು ಉಂಗುರವಾಗಿರುತ್ತದೆ. ಗೊಡ್ಡು ಮೊಟ್ಟೆಗೆ ಯಂತ್ರ ಹೊಣೆಯಲ್ಲ, ಹುಂಜ ಹೊಣೆ, ಅಥವಾ ಇಟ್ಟುಕೊಂಡ ಕ್ರಮ ಹೊಣೆ. ಮೊಟ್ಟೆಯನ್ನು ಏಳು ದಿನಕ್ಕಿಂತ ಹೆಚ್ಚು ಕೂಡಿಡಬಾರದು, ತಂಪಾದ ಕಡೆ ಚೂಪು ತುದಿ ಕೆಳಗೆ ಮಾಡಿ ಇಡಬೇಕು, ತೊಳೆಯಬಾರದು, ಏಕೆಂದರೆ ರೋಗಾಣುಗಳನ್ನು ತಡೆಯುವ ತೆಳುವಾದ ಹೊರಪೊರೆ ತೊಳೆದಾಗ ಹೋಗಿಬಿಡುತ್ತದೆ. ಹುಟ್ಟಿದ ಮರಿಗಳ ಕಾಲ್ಬೆರಳು ಒಳಕ್ಕೆ ಮಡಚಿಕೊಂಡಿದ್ದರೂ ಎಲ್ಲರೂ ಯಂತ್ರವನ್ನೇ ಬೈಯುತ್ತಾರೆ, ಆದರೆ ಅದು ಬಹುಮಟ್ಟಿಗೆ ತಾಯಿಕೋಳಿಯ ಆಹಾರದಲ್ಲಿ ರೈಬೋಫ್ಲೇವಿನ್ ಎಂಬ ಜೀವಸತ್ವ (ಬಿ2) ಕಡಿಮೆಯಾದುದರ ಫಲ. ಬರೀ ರಾಗಿ, ಮುಸುಕಿನ ಜೋಳ ತಿಂದ ಹೇಂಟೆಯ ಮೊಟ್ಟೆ ತಿನ್ನುವುದಕ್ಕೆ ಚೆನ್ನಾಗಿರುತ್ತದೆ, ಮರಿ ಮಾಡುವುದಕ್ಕೆ ಸಾಲದು. ನುಗ್ಗೆ ಸೊಪ್ಪು, ಹುಳುಹುಪ್ಪಟೆ, ಒಳ್ಳೆಯ ಮೇವು ಎಲ್ಲವೂ ಬೇಕು.

ತಳಿ ಬೆಳೆಸುವವರಿಗೆ ಯಾವ ಮರಿ ಯಾವ ಹೇಂಟೆಯದು ಎಂಬುದು ತಿಳಿದಿರಲೇಬೇಕು. ಈ ಯಂತ್ರದಲ್ಲಿ 18ನೇ ದಿನ ಹೊರಳಿಸುವ ಟ್ರೇಯನ್ನು ತೆಗೆದು ಮೊಟ್ಟೆಗಳನ್ನು ತಳದ ಜಾಲರಿಯ ಮೇಲೆ ಹರಡುತ್ತೇವೆ. ಅಲ್ಲಿ ಯಾವ ವಿಭಜನೆಯೂ ಇಲ್ಲದ್ದರಿಂದ, ಮೊಟ್ಟೆಯ ಮೇಲೆ ಪೆನ್ಸಿಲ್‌ನಿಂದ ಎಷ್ಟೇ ಸ್ಪಷ್ಟವಾಗಿ ಹೇಂಟೆಯ ಗುರುತು ಬರೆದಿದ್ದರೂ ಮರಿಗಳು ಹೊರಬಂದು ಬೆರೆತುಹೋದ ಮೇಲೆ ಉಳಿಯುವುದು ಖಾಲಿ ಚಿಪ್ಪಿನ ಮೇಲಿನ ಬರಹ ಮಾತ್ರ. ಈರುಳ್ಳಿ ತುಂಬುವ ಬಲೆಯ ಚೀಲಗಳನ್ನು ಚೆನ್ನಾಗಿ ತೊಳೆದು ಒಣಗಿಸಿ, ಒಂದೊಂದು ಹೇಂಟೆಯ ಮೊಟ್ಟೆಗಳನ್ನು ಒಂದೊಂದು ಚೀಲದಲ್ಲಿ ಸಡಿಲವಾಗಿ ಕಟ್ಟಿಡುವುದು ನಾನು ಅನುಸರಿಸುವ ಉಪಾಯ. ಮರಿ ಒಣಗಿದೊಡನೆ ಚೀಲದಿಂದ ತೆಗೆದು ಕಾಲಿಗೆ ಬಣ್ಣದ ಉಂಗುರ ಹಾಕಿ, ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಜಾಲರಿಯನ್ನು ನಾಲ್ಕು ಖಾನೆ ಮಾಡಿಕೊಟ್ಟಿದ್ದರೆ ಇಷ್ಟೆಲ್ಲ ಬೇಕಾಗಿರಲಿಲ್ಲ. ಜಾಲರಿ ನುಣುಪಾಗಿರುವುದು ಇನ್ನೊಂದು ದೋಷ: ಆಗತಾನೇ ಹುಟ್ಟಿದ ಮರಿಯ ಕಾಲು ಜಾರಿ ಎರಡೂ ಬದಿಗೆ ಚಾಚಿಕೊಂಡರೆ ಅದು ಮತ್ತೆ ನೆಟ್ಟಗೆ ನಿಲ್ಲುವುದು ಕಷ್ಟ. ಕಪಾಟಿಗೆ ಹಾಸುವ ತೂತುತೂತಿನ ರಬ್ಬರ್ ಚಾಪೆಯ ತುಂಡನ್ನು ಅಳತೆಗೆ ಕತ್ತರಿಸಿ ಹಾಸಬೇಕು.

ಇಷ್ಟೊಂದು ಗುರುತು, ಪುಸ್ತಕ ಏಕೆಂದು ಕೇಳಬಹುದು. 48 ಮೊಟ್ಟೆಯ ಯಂತ್ರ ಮನೆಗೆ ಬಂದೊಡನೆ ಅದನ್ನು ತುಂಬಿಸುವ ಆಸೆ ಹುಟ್ಟುತ್ತದೆ, ಇರುವ ಒಂದೇ ಒಳ್ಳೆಯ ಹುಂಜದ ಮರಿಗಳಿಂದಲೇ ಹಿತ್ತಿಲು ತುಂಬಿಹೋಗುತ್ತದೆ. ಒಂದು ಹುಂಜ, ಹತ್ತು ಹೇಂಟೆ ಇರುವ ಗುಂಪಿನಲ್ಲಿ, ತಳಿಶಾಸ್ತ್ರದ ಸಾಮಾನ್ಯ ಸೂತ್ರದ ಪ್ರಕಾರ, ಒಳಸಂಬಂಧ, ಅಂದರೆ ಹತ್ತಿರದ ರಕ್ತಸಂಬಂಧಿಗಳು ಕೂಡಿ ಮರಿಯಾಗುವುದರ ಪ್ರಮಾಣ, ಪ್ರತಿ ತಲೆಮಾರಿಗೆ ಶೇ 13ಕ್ಕೂ ಹೆಚ್ಚು ಏರುತ್ತದೆ. ಅದೇ ಹತ್ತು ಹೇಂಟೆಗಳಿಗೆ ಮೂರು ಹುಂಜಗಳನ್ನು ಇಟ್ಟರೆ ಅದು ಶೇ 5ರ ಆಸುಪಾಸಿಗೆ ಇಳಿಯುತ್ತದೆ. ಒಳಸಂಬಂಧ ಹೆಚ್ಚಿದಂತೆ ಮೊದಲು ಕುಸಿಯುವುದೇ ಮರಿಯಾಗುವ ಪ್ರಮಾಣ, ಆಮೇಲೆ ಮರಿಗಳ ಬದುಕುವ ಶಕ್ತಿ. ಆಗ ಜನ ಇನ್ನೂ ಒಳ್ಳೆಯ ಯಂತ್ರ ಹುಡುಕಿಕೊಂಡು ಹೋಗುತ್ತಾರೆ. ಹೇಂಟೆಗಳನ್ನು ಮೂರು ಗುಂಪು ಮಾಡಿ, ಹೆಣ್ಣುಮರಿಗಳನ್ನು ತಾಯಿಯ ಗುಂಪಿನಲ್ಲೇ ಉಳಿಸಿ, ಗಂಡುಮರಿಗಳನ್ನು ಮಾತ್ರ ಪಕ್ಕದ ಗುಂಪಿಗೆ ದಾಟಿಸುವ ಪದ್ಧತಿ ಸಣ್ಣ ಹಿತ್ತಿಲಿಗೂ ಸಾಧ್ಯ, ಅಕ್ಕಪಕ್ಕದ ಮೂರು ಮನೆಯವರು ಸೇರಿಯೂ ನಡೆಸಬಹುದು. ಹುಂಜವನ್ನು ಬದಲಿಸಿದ ಮೇಲೆ ಕನಿಷ್ಠ ಮೂರು ವಾರ ಕಾಯದೆ ಮೊಟ್ಟೆ ಕೂಡಿಡಬಾರದು, ಏಕೆಂದರೆ ಹಿಂದಿನ ಹುಂಜದ ವೀರ್ಯ ಹೇಂಟೆಯ ದೇಹದಲ್ಲಿ ಎರಡು ವಾರಕ್ಕೂ ಮೀರಿ ಉಳಿದಿರಬಲ್ಲದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಾಟಿ ಹೇಂಟೆ ಒಂದು ಸುತ್ತು ಮೊಟ್ಟೆಯಿಟ್ಟ ಮೇಲೆ ಕಾವಿಗೆ ಕೂರುತ್ತದೆ, ಮರಿ ಮಾಡಿ ಎರಡು ತಿಂಗಳಿಗೂ ಮೀರಿ ಅವುಗಳನ್ನು ಕಾಯುತ್ತದೆ. ಆ ಅವಧಿಯಲ್ಲಿ ಅದು ಮೊಟ್ಟೆಯಿಡುವುದಿಲ್ಲ. ಮೊಟ್ಟೆಗಳನ್ನು ಎತ್ತಿ ಯಂತ್ರಕ್ಕೆ ಹಾಕಿ, ಕಾವು ಬಿಡಿಸಿದರೆ ಎರಡು ಮೂರು ವಾರಗಳಲ್ಲಿ ಮತ್ತೆ ಇಡತೊಡಗುತ್ತದೆ. ಯಂತ್ರ ಮಾರುವವರು ಹೇಳುವ ದೊಡ್ಡ ಲಾಭ ಇದೇ, ಮತ್ತು ಅದು ಸುಳ್ಳಲ್ಲ. ಆದರೆ ಈ ಲಾಭದ ಒಳಗೆ ಒಂದು ಆಯ್ಕೆ ನಡೆದುಹೋಗುತ್ತದೆ. ಗುಂಪಿನಲ್ಲಿ ಎಲ್ಲ ಹೇಂಟೆಗಳೂ ಒಂದೇ ಸಮನಾಗಿ ಕಾವಿಗೆ ಕೂರುವುದಿಲ್ಲ. ಕೆಲವು ಗಟ್ಟಿಯಾಗಿ ಕೂರುತ್ತವೆ, ಕೆಲವು ಕೂತು ಎದ್ದುಹೋಗುತ್ತವೆ, ಅಪರೂಪಕ್ಕೆ ಒಂದೆರಡು ಕೂರುವುದೇ ಇಲ್ಲ. ಕೂರದ ಹೇಂಟೆ ವರ್ಷದಲ್ಲಿ ಹೆಚ್ಚು ಮೊಟ್ಟೆಯಿಡುತ್ತದೆ. ಯಂತ್ರಕ್ಕೆ ಮೊಟ್ಟೆ ಕೂಡಿಹಾಕುವಾಗ ಹೆಚ್ಚು ಮೊಟ್ಟೆಯಿಟ್ಟವಳ ಪಾಲೇ ಹೆಚ್ಚಾಗಿ, ಮುಂದಿನ ತಲೆಮಾರಿನಲ್ಲಿ ಅವಳ ಹೆಣ್ಣುಮರಿಗಳೇ ಹೆಚ್ಚಾಗಿ, ನಾವು ಬೇಕೆಂದು ಮಾಡದಿದ್ದರೂ ಕಾವಿನ ಗುಣ ಗುಂಪಿನಿಂದ ಮೆಲ್ಲಗೆ ಜಾರುತ್ತದೆ. ಬಿಳಿ ಲೆಗ್‌ಹಾರ್ನ್ ಕೋಳಿ ಇಂದು ಕಾವಿಗೆ ಕೂರುವುದಿಲ್ಲವೆಂದರೆ ಅದಕ್ಕೆ ಕಾರಣ ಮೊಟ್ಟೆಗಾಗಿ ತಲೆಮಾರುಗಳಿಂದ ನಡೆದ ಆಯ್ಕೆಯೇ. ಕಡಕ್‌ನಾಥ್ ಹೇಂಟೆಗೆ ಕಾವಿನ ಗುಣ ಮೊದಲೇ ಕಡಿಮೆಯಾದ್ದರಿಂದ ಅದನ್ನು ಸಾಕುವವರಿಗೆ ಯಂತ್ರ ಅನಿವಾರ್ಯವೆನ್ನಬಹುದು. ಅಸೀಲ್ ಮತ್ತು ಘಾಗಸ್ ಹಾಗಲ್ಲ. ಅವುಗಳ ತಾಯ್ತನವೇ ಅವುಗಳನ್ನು ಇಷ್ಟು ಕಾಲ ಹಳ್ಳಿಗಳಲ್ಲಿ ಯಾರ ನೆರವೂ ಇಲ್ಲದೆ ಉಳಿಸಿದೆ. ವರ್ಷಕ್ಕೆ ನೂರರ ಹತ್ತಿರಕ್ಕೂ ಬಾರದಷ್ಟು ಮೊಟ್ಟೆಯಿಡುವ ಕೋಳಿಯಿಂದ ತಾಯ್ತನವನ್ನೂ ಕಿತ್ತುಕೊಂಡರೆ ಸಾಕುವವನ ಕೈಯಲ್ಲಿ ಉಳಿಯುವುದು ಬಣ್ಣ ಮಾತ್ರ.

ನಮ್ಮ ಗುಂಪಿನಲ್ಲಿ ಕಂದು ಬಣ್ಣದ ಒಂದು ಹಿರಿಯ ಹೇಂಟೆಯಿದೆ. ಮರಿಗಳು ಬುಟ್ಟಿಯಿಂದ ಇಳಿದ ಮೊದಲ ದಿನವೇ ಅದು ನೆಲ ಕೆದಕಿ, ಹುಳು ಕಂಡಲ್ಲಿ ಅದನ್ನು ತಾನು ತಿನ್ನದೆ ಕೊಕ್ಕಿನಲ್ಲಿ ಎತ್ತಿ ಬಿಟ್ಟು, ಟುಕ್ ಟುಕ್ ಎಂದು ಸಣ್ಣ ದನಿಯಲ್ಲಿ ಕರೆಯುತ್ತದೆ. ಹದ್ದಿನ ನೆರಳು ಬಿದ್ದಾಗ ಹೊರಡಿಸುವ ಎಳೆದ ದನಿಯೇ ಬೇರೆ, ಅದು ಕಿವಿಗೆ ಬಿದ್ದ ಮರುಕ್ಷಣ ಅಷ್ಟೂ ಮರಿಗಳು ದಾಸವಾಳದ ಪೊದೆಯ ಕೆಳಗೆ ಮಾಯವಾಗುತ್ತವೆ. ಯಂತ್ರದಲ್ಲಿ ಹುಟ್ಟಿ ಬಲ್ಬಿನ ಕೆಳಗೆ ಬೆಳೆದ ಮರಿಗಳನ್ನು ಅದೇ ಹಿತ್ತಿಲಿಗೆ ಬಿಟ್ಟಾಗ ಹದ್ದು ಸುತ್ತುತ್ತಿದ್ದರೂ ಅವು ಬಯಲಲ್ಲಿ ನಿಂತು ನೋಡುತ್ತಿರುತ್ತವೆ. ಬೆಂಗಳೂರಿನ ಆಕಾಶದಲ್ಲಿ ಹದ್ದುಗಳಿಗೆ ಕೊರತೆಯಿಲ್ಲ, ನೆಲದಲ್ಲಿ ಬೆಕ್ಕು, ಮುಂಗುಸಿ, ಹೆಗ್ಗಣಗಳಿಗೂ ಇಲ್ಲ.

ಆದ್ದರಿಂದ ಯಂತ್ರವನ್ನೂ ಹೇಂಟೆಯನ್ನೂ ಜತೆಯಾಗಿ ದುಡಿಸುವ ಕ್ರಮವನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ. ಹೇಂಟೆಯನ್ನು ಕಾವಿಗೆ ಕೂರಿಸಿದ ದಿನವೇ ಯಂತ್ರಕ್ಕೂ ಮೊಟ್ಟೆ ಇಡಬೇಕು. ಏಳನೇ ದಿನ ಎರಡರ ಮೊಟ್ಟೆಗಳನ್ನೂ ಬೆಳಕಿಗೆ ಹಿಡಿದು, ಹೇಂಟೆಯ ಕೆಳಗಿನ ಗೊಡ್ಡು ಮೊಟ್ಟೆಗಳನ್ನು ತೆಗೆದು ಆ ಜಾಗಕ್ಕೆ ಯಂತ್ರದ ಫಲಿತ ಮೊಟ್ಟೆಗಳನ್ನು ತುಂಬಬಹುದು. 21ನೇ ದಿನ ಯಂತ್ರದಲ್ಲಿ ಹುಟ್ಟಿದ ಮರಿಗಳನ್ನು ಒಣಗಿಸಿ, ಕತ್ತಲಾದ ಮೇಲೆ ಒಂದೊಂದಾಗಿ ಹೇಂಟೆಯ ರೆಕ್ಕೆಯಡಿ ಸೇರಿಸಿದರೆ ಬೆಳಗಾಗುವ ಹೊತ್ತಿಗೆ ಅವು ತನ್ನವೇ ಎಂದು ಅದು ಒಪ್ಪಿಕೊಂಡಿರುತ್ತದೆ. ಮರಿಗೆ ಒಂದೆರಡು ದಿನ ಮೀರಿದ ಮೇಲೆ ಸೇರಿಸಲು ಹೋದರೆ ಕುಕ್ಕಿ ಓಡಿಸುವ ಅಪಾಯವಿದೆ. ಹೀಗೆ ಮಾಡಿದಾಗ ಯಂತ್ರದ ಮರಿಗೂ ತಾಯಿ ಸಿಗುತ್ತಾಳೆ, ಕೂರುವ ಹೇಂಟೆಗೂ ಗುಂಪಿನಲ್ಲಿ ಬೆಲೆ ಉಳಿಯುತ್ತದೆ. ಮುಂದಿನ ತಲೆಮಾರಿಗೆ ಹೆಣ್ಣುಮರಿಗಳನ್ನು ಉಳಿಸಿಕೊಳ್ಳುವಾಗ, ಚೆನ್ನಾಗಿ ಕಾವು ಕೂತ ಹೇಂಟೆಗಳ ಮರಿಗಳನ್ನೇ ನೋಟ್‌ಪುಸ್ತಕ ನೋಡಿ ಆರಿಸಿಕೊಳ್ಳುತ್ತೇನೆ. ಫಲಿತ ಮೊಟ್ಟೆಗಳಲ್ಲಿ ಮರಿಯಾಗುವ ಪ್ರಮಾಣದಲ್ಲಿಯೂ ಯಂತ್ರ ಇನ್ನೂ ಹೇಂಟೆಯನ್ನು ಮೀರಿಸಿಲ್ಲ: ಹದ ಮಾಡಿಕೊಂಡ ಮೇಲೆ ಯಂತ್ರದಲ್ಲಿ ಮುಕ್ಕಾಲು ಪಾಲು ಮರಿಯಾಗುತ್ತವೆ, ಒಳ್ಳೆಯ ಹೇಂಟೆಯ ಕೆಳಗೆ ಒಂದೋ ಎರಡೋ ಮಾತ್ರ ಮರಿಯಾಗದೆ ಉಳಿಯುತ್ತವೆ.

ಮರಿ ಒಡೆಯುವ ದಿನಗಳಲ್ಲಿ ಮುಚ್ಚಳ ತೆಗೆಯುವ ಆಸೆಯನ್ನು ಅದುಮಿಕೊಳ್ಳಬೇಕು. ಪಾರದರ್ಶಕ ಮುಚ್ಚಳ ಇದಕ್ಕೆ ತುಂಬ ಸಹಾಯಕ, ಈ ಒಂದು ವಿಷಯಕ್ಕೆ ತಯಾರಕರನ್ನು ಮೆಚ್ಚುತ್ತೇನೆ. ಮೊದಲ ಬಿರುಕು ಕಂಡ ಮೇಲೆ ಮರಿ ಹೊರಬರಲು ಒಂದು ಹಗಲು ಇಡೀ ಹಿಡಿಯಬಹುದು. ಹಳದಿ ಲೋಳೆಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡೇ ಹುಟ್ಟುವುದರಿಂದ ಎರಡು ದಿನ ಆಹಾರವಿಲ್ಲದಿದ್ದರೂ ಅದಕ್ಕೆ ತೊಂದರೆಯಿಲ್ಲ. ನಡುವೆ ಮುಚ್ಚಳ ತೆಗೆದರೆ ತೇವಾಂಶ ಒಮ್ಮೆಲೇ ಇಳಿದು ಒಳಪೊರೆ ಒಣಗಿ ಉಳಿದ ಮರಿಗಳಿಗೆ ಬಿಗಿದುಕೊಳ್ಳುತ್ತದೆ.

ತಾಯಿಯಿಲ್ಲದೆ ಬೆಳೆಸುವ ಮರಿಗಳಿಗೆ ಬ್ರೂಡರ್, ಅಂದರೆ ಅವುಗಳನ್ನು ಬೆಚ್ಚಗಿಡುವ ಗೂಡು, ಬೇಕೆಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಅದರ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿಕೊಳ್ಳಬೇಕು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತ ಹೋಗಬೇಕು. ನೆಲಕ್ಕೆ ಭತ್ತದ ಹೊಟ್ಟು, ಅದನ್ನು ತಿನ್ನದಂತೆ ಮೊದಲ ಕೆಲವು ದಿನ ಮೇಲೆ ಕಾಗದ. ಲಸಿಕೆಯ ವಿಷಯದಲ್ಲಿ ಮಾತ್ರ ಯಂತ್ರದಿಂದ ನನಗೆ ನಿರೀಕ್ಷಿಸದ ಅನುಕೂಲವಾಯಿತು. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಹನಿ ಹಾಕುವ ಲಸಿಕೆ ಕೊಡಿಸಲೇಬೇಕು, ಎಂಟನೇ ವಾರದಲ್ಲಿ ಚುಚ್ಚುಮದ್ದು ಬೇರೆ. ನಾಟಿ ಕೋಳಿಗೆ ರೋಗವೇ ಬರುವುದಿಲ್ಲವೆಂಬ ನಂಬಿಕೆಯಿಂದ ಇಡೀ ಗೂಡು ಖಾಲಿಯಾದ ಮನೆಗಳನ್ನು ಕಂಡಿದ್ದೇನೆ. ಲಸಿಕೆಯ ಸಣ್ಣ ಸೀಸೆಯೂ ನೂರು ಕೋಳಿಗಾಗುವಷ್ಟಿರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಒಂದೊಂದು ಹೇಂಟೆ ಒಂದೊಂದು ದಿನ ಮರಿ ಮಾಡಿದರೆ ಪ್ರತಿ ಬಾರಿಯೂ ಸೀಸೆಯ ಬಹುಪಾಲು ಚೆಲ್ಲಬೇಕು; ಯಂತ್ರದಿಂದ ಎಲ್ಲ ಮರಿಗಳೂ ಒಂದೇ ದಿನ ಬರುವುದರಿಂದ ನೆರೆಯವರೊಂದಿಗೆ ದಿನ ಗೊತ್ತುಮಾಡಿಕೊಂಡು ಒಂದೇ ಸೀಸೆಯಲ್ಲಿ ಎಲ್ಲರ ಮರಿಗಳಿಗೂ ಹಾಕಬಹುದು.

ಹುಟ್ಟಿದ ಮರಿಗಳಲ್ಲಿ ಅರ್ಧದಷ್ಟು ಗಂಡಾಗಿರುತ್ತವೆ ಎಂಬುದನ್ನೂ ಮೊಟ್ಟೆ ಇಡುವ ಮೊದಲೇ ಯೋಚಿಸಬೇಕು. ನಾಲ್ಕೈದು ತಿಂಗಳಿಗೆ ಅವೆಲ್ಲವೂ ನಸುಕಿನಲ್ಲೇ ಕೂಗತೊಡಗುತ್ತವೆ, ನಗರದ ನೆರೆಹೊರೆಗೆ ಅದು ಸಣ್ಣ ವಿಷಯವಲ್ಲ. ಅಸೀಲ್ ಮರಿಗಳಂತೂ ಅದಕ್ಕೂ ಮೊದಲೇ ರಕ್ತ ಬರುವಂತೆ ಕಾದಾಡುವುದರಿಂದ ಬೇರೆ ಬೇರೆ ಇಡಲು ಜಾಗ ಬೇಕು. ಅಸೀಲ್ ಹುಂಜ ಬೇಕೆಂದು ದೂರದಿಂದ ಫೋನ್ ಮಾಡುವವರಲ್ಲಿ ಅಂಕಕ್ಕೆ ಬಿಡುವವರೂ ಇರುತ್ತಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಕೋಳಿ ಕಾಳಗ ಅಪರಾಧ, ಅಂಥವರಿಗೆ ಹಕ್ಕಿ ಕೊಡುವುದಿಲ್ಲ. ತಳಿಗೆ ಆರಿಸಿ ಉಳಿದ ಗಂಡುಗಳು ನಮ್ಮ ಮನೆಯಲ್ಲಿ ಸಾರಿಗೆ ಆಗುತ್ತವೆ, ಇದನ್ನು ಒಪ್ಪದವರು ಅಷ್ಟೊಂದು ಮೊಟ್ಟೆ ಮರಿ ಮಾಡಿಸಬಾರದು.

ಶುಚಿಗೊಳಿಸುವಾಗ ತಳದ ನೀರಿನ ಕಾಲುವೆಯ ಮೂಲೆಗಳಿಗೆ ಬ್ರಷ್ ಹೋಗುವುದಿಲ್ಲ, ಮರಿಗಳ ಒಣ ನವಿರು ಅಲ್ಲೇ ಕೂತು ಕೊಳೆಯುತ್ತದೆ. ಪ್ರತಿ ತಂಡದ ನಂತರ ಸಾಬೂನು ನೀರಿನಲ್ಲಿ ತೊಳೆದು, ತೆಳುವಾದ ಬ್ಲೀಚ್ ದ್ರಾವಣದಲ್ಲಿ ನೆನೆಸಿ, ಎರಡು ದಿನ ಬಿಸಿಲಿಗೆ ಇಡದೆ ಮತ್ತೆ ಮೊಟ್ಟೆ ಇಡಬಾರದು. ಕರೆಂಟ್ ಹೋದಾಗ ಬ್ಯಾಟರಿಗೆ ತಾನಾಗಿಯೇ ಬದಲಾಗುತ್ತದೆ, ಇದುವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ. ಬ್ಯಾಟರಿ ಇಲ್ಲದವರು ಮುಚ್ಚಳ ತೆಗೆಯದೆ, ಗಾಳಿಯ ತೂತು ಬಿಟ್ಟು ಉಳಿದ ಭಾಗಕ್ಕೆ ಕಂಬಳಿ ಹೊದಿಸಿದರೆ ಒಂದೆರಡು ಗಂಟೆ ಭಯವಿಲ್ಲ. ಹೇಂಟೆಯೂ ದಿನಕ್ಕೊಮ್ಮೆ ಮೇವಿಗೆಂದು ಕಾಲು ಗಂಟೆ ಎದ್ದುಹೋಗುತ್ತದೆ.

ವಾರಂಟಿಯ ಮಾತು ಬಾಯಿಮಾತು ಮಾತ್ರ, ರಸೀದಿಯ ಮೇಲೆ ಬರೆಸಿಕೊಳ್ಳಿ. ಮೊದಲು ಕೆಡುವುದು ಹೊರಳಿಸುವ ಮೋಟಾರ್ ಮತ್ತು ಉಷ್ಣಾಂಶದ ಸೆನ್ಸರ್. ಎರಡೂ ಅದೇ ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ, ಯಂತ್ರದ ಜತೆಯಲ್ಲೇ ಒಂದೊಂದು ಹೆಚ್ಚುವರಿ ತಂದಿಟ್ಟುಕೊಂಡರೆ 15ನೇ ದಿನ ರಾತ್ರಿ ಪರದಾಡಬೇಕಾಗುವುದಿಲ್ಲ. ಐದಾರು ಹೇಂಟೆಗಳಿದ್ದು, ನೆರೆಯಲ್ಲಿ ಅದೇ ತಳಿ ಸಾಕುವ ಇನ್ನೊಂದು ಮನೆಯಿದ್ದರೆ ಇದನ್ನು ಪಾಲಿಗೆ ಕೊಳ್ಳುವುದು ಉತ್ತಮ. ಒಂದೆರಡು ಹೇಂಟೆ ಮಾತ್ರ ಇರುವವರಿಗೆ, ಅವು ಕಾವಿಗೆ ಕೂರುವಂಥವಾದರೆ, ಒಂದು ಬಿದಿರಿನ ಬುಟ್ಟಿ ಮತ್ತು ಸ್ವಲ್ಪ ಒಣಹುಲ್ಲು ಸಾಕು. ಆ ಏಳು ಸಾವಿರದಲ್ಲಿ ಹೆಗ್ಗಣ ನುಗ್ಗದ ಗಟ್ಟಿ ಜಾಲರಿಯ ಗೂಡು ಕಟ್ಟಿಸಿಕೊಳ್ಳಲಿ.